ಗಂಧ ಒಬ್ಬರು, ಗಂಟೆ ಒಬ್ಬರು: ಗಡಿಬಿಡಿ ಮನೆಯಲ್ಲಿ ದಿನದ ಪೂಜೆ ಉಳಿಸಿಕೊಂಡ ಬಗೆ

ಮಂಗಳಾರತಿ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಮಗನಿಗೆ ಬೈದ ಒಂದು ಶುಕ್ರವಾರ ನನಗೆ ಚೆನ್ನಾಗಿ ನೆನಪಿದೆ. ಕರ್ಪೂರ ಉರಿಯುತ್ತಿತ್ತು. ಅವನು ಒಂದು ಕಾಲಿಗೆ ಶೂ ಹಾಕಿಕೊಂಡು ಇನ್ನೊಂದಕ್ಕೆ ಹುಡುಕಾಡುತ್ತಿದ್ದ. ಒಳಗೆ ಕುಕ್ಕರ್ ಕೂಗಿತು, ಕೆಳಗೆ ಶಾಲೆ ವ್ಯಾನು ಹಾರ್ನ್ ಹೊಡೆಯಿತು. "ಬಂದು ಆರತಿ ತಗೊಳ್ಳೋ ದರಿದ್ರದವನೇ" ಅಂದುಬಿಟ್ಟೆ. ಕುರ್ಚಿಯಲ್ಲಿ ಕೂತಿದ್ದ ಅತ್ತೆ ನಿಧಾನವಾಗಿ ಹೇಳಿದರು: "ಲಕ್ಷ್ಮಿ ಮುಂದೆ ನಿಂತ್ಕೊಂಡು ದರಿದ್ರ ಅಂತೀಯಲ್ಲಮ್ಮ."

ನಗು ಬರಬೇಕಿತ್ತು. ನನಗೆ ಅಳು ಬಂತು. ಇದು ಪೂಜೆಯಾ, ಇಲ್ಲ ಬೆಳಗಿನ ಇನ್ನೊಂದು ಕೆಲಸವಾ ಅನ್ನಿಸಿತು.

ನಮ್ಮದು ಹನುಮಂತನಗರದಲ್ಲಿ ಎರಡನೇ ಮಹಡಿಯ ಮನೆ. ನಾನು ಚಾಮರಾಜಪೇಟೆಯ ಒಂದು ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷಿಯರ್. ನಮ್ಮ ಮನೆಯವರಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಮಗಳು ಈಗ ಎರಡನೇ ಪಿಯುಸಿ, ಮಗ ಏಳನೇ ತರಗತಿ. ಅತ್ತೆಗೆ 74 ವರ್ಷ. ಮಂಡಿ ನೋವು, ನೆಲಕ್ಕೆ ಕೂರುವುದಕ್ಕೆ ಆಗುವುದಿಲ್ಲ.

ಮಾವ ಇರುವಷ್ಟು ದಿನ ಪೂಜೆ ಬಗ್ಗೆ ನಾವ್ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಐದೂವರೆಗೆ ಎದ್ದು, ಸ್ನಾನ ಮಾಡಿ, ಮಣೆ ಹಾಕಿಕೊಂಡು ಕೂತರೆ ಮುಕ್ಕಾಲು ಗಂಟೆ. ನಾವು ಹೊರಡುವಾಗ ಆರತಿ ಕಣ್ಣಿಗೆ ಒತ್ತಿಕೊಂಡು ಓಡುತ್ತಿದ್ದೆವು. 2019ರ ಕಾರ್ತಿಕದಲ್ಲಿ ಅವರು ಹೋದರು. ಸೂತಕ ಅಂತ ದೇವರ ಮನೆ ಬಾಗಿಲು ಹಾಕಿದೆವು. ವರ್ಷ ತುಂಬುವವರೆಗೆ ಹಬ್ಬ ಇಲ್ಲ. ಬಾಗಿಲು ತೆರೆದಾಗ ಗೊತ್ತಾಗಿದ್ದು, ಹೂಬತ್ತಿ ಎಲ್ಲಿದೆ, ಅಕ್ಷತೆ ಯಾವ ಬಟ್ಟಲಲ್ಲಿದೆ ಅನ್ನುವುದೂ ನಮಗೆ ತಿಳಿಯದು. ನಲವತ್ತು ವರ್ಷ ಒಂದು ದಿನ ತಪ್ಪದ ಪೂಜೆ ಒಬ್ಬರ ಕೈಯಲ್ಲಿ ಇತ್ತು. ಅವರ ಜೊತೆಗೇ ಹೋಯಿತು.

ನಾನು ಅದನ್ನೇ ಹಾಗೇ ಹೊತ್ತುಕೊಂಡೆ. ಹದಿನೈದು ದಿನ ಪೂರ್ತಿ ಪೂಜೆ, ಆಮೇಲೆ ಹತ್ತು ದಿನ ಒಂದು ಕಡ್ಡಿ ಗೀರಿದ್ದೂ ಇಲ್ಲ. ಮತ್ತೆ ಪಶ್ಚಾತ್ತಾಪ, ಮತ್ತೆ ಹದಿನೈದು ದಿನ. ಹೀಗೇ ಎಳೆದಾಡಿ ಆ ಶುಕ್ರವಾರ ಬಂತು.

ಅವತ್ತು ಬ್ಯಾಂಕಿನಲ್ಲಿ ಊಟದ ಹೊತ್ತಿಗೆ ಪಕ್ಕದ ಕೌಂಟರಿನವರ ಹತ್ತಿರ ಹೇಳಿಕೊಂಡೆ. ಅವರು ಕಥೋಲಿಕರು. ಸೆಪ್ಟೆಂಬರ್ 8ರ ಮರಿಯಮ್ಮನವರ ಹಬ್ಬಕ್ಕೆ ಶಿವಾಜಿನಗರದ ಬೆಸಿಲಿಕಾಗೆ ತಪ್ಪದೆ ಹೋಗುವವರು. ಅವರ ಮನೆಯಲ್ಲಿ ದಿನಾ ರಾತ್ರಿ ಜಪಸರ ಹೇಳುತ್ತಾರೆ. ಜಪಸರದಲ್ಲಿ ಹತ್ತು ಹತ್ತು ಮಣಿಯ ಐದು ಭಾಗ ಇರುತ್ತದೆ. ಅವರ ಮನೆಯಲ್ಲೂ ಐದು ಜನ. "ಒಂದೊಂದು ಹತ್ತು ಒಬ್ಬೊಬ್ಬರದ್ದು. ನಮ್ಮ ಚಿಕ್ಕವಳು ತೂಕಡಿಸ್ತಾ ಇರ್ತಾಳೆ, ತನ್ನ ಸರದಿ ಬಂದಾಗ ಮಾತ್ರ ಸರಿಯಾಗಿ ಎದ್ದು ಕೂರ್ತಾಳೆ. ಇನ್ನೊಬ್ಬರು ಅವಳದ್ದು ಹೇಳಿಬಿಟ್ಟರೆ ಜಗಳ" ಅಂದರು.

ನಮ್ಮ ಮನೆಯಲ್ಲಿ ಪೂಜೆ ತಪ್ಪಿದರೆ ನನ್ನ ಬಿಟ್ಟು ಯಾರೂ ಜಗಳಕ್ಕೆ ಬರುತ್ತಿರಲಿಲ್ಲ. ಯಾಕೆಂದರೆ ಅದರಲ್ಲಿ ಅವರದ್ದು ಅಂತ ಏನೂ ಇರಲಿಲ್ಲ. ಅಲ್ಲಿಂದ ನಾವು ಮಾಡಿಕೊಂಡ ಬದಲಾವಣೆಗಳನ್ನು ಕೆಳಗೆ ಬರೆದಿದ್ದೇನೆ. ನಿಮ್ಮ ಮನೆ ದೇವರು, ಪದ್ಧತಿ ಬೇರೆ ಇರಬಹುದು. ಕೆಲಸದ ಹಂಚಿಕೆ ಎಲ್ಲರಿಗೂ ಹೊಂದುತ್ತದೆ.

ಮೊದಲು ಒಂದು ಪಟ್ಟಿ

ಒಂದು ಭಾನುವಾರ ಅತ್ತೆಯನ್ನು ಕೂರಿಸಿಕೊಂಡು ಮಾವ ಮಾಡುತ್ತಿದ್ದುದನ್ನೆಲ್ಲ ಬರೆದೆ. ನಿರ್ಮಾಲ್ಯ ತೆಗೆಯುವುದು, ಫೋಟೊ ಒರೆಸುವುದು, ಗಂಧ ತೇಯುವುದು, ಹೂ ಕೊಯ್ಯುವುದು, ಬತ್ತಿ ಹಾಕುವುದು, ದೀಪ, ಊದುಬತ್ತಿ, ಸಹಸ್ರನಾಮ, ನೈವೇದ್ಯ, ಆರತಿ, ತುಳಸಿಗೆ ನೀರು, ವಾರಕ್ಕೊಮ್ಮೆ ಹಿತ್ತಾಳೆ ಬೆಳಗುವುದು. ಪುಟ ತುಂಬಿತು. ಇಷ್ಟನ್ನು ನಿವೃತ್ತ ಮನುಷ್ಯ ಮಾಡಬಹುದು. ಏಳೂ ಮುಕ್ಕಾಲಿಗೆ ನಾಲ್ಕು ಡಬ್ಬಿ ಕಟ್ಟಬೇಕಾದವಳು ಮಾಡುವುದು ಕಷ್ಟ.

ಆಮೇಲೆ ಅತ್ತೆಗೆ ಒಂದೇ ಪ್ರಶ್ನೆ ಕೇಳಿದೆ: "ಇದರಲ್ಲಿ ಯಾವುದು ತಪ್ಪಿದರೆ ನಿಮಗೆ ಮನಸ್ಸು ತಡೆಯಲ್ಲ?" ಬಹಳ ಹೊತ್ತು ಯೋಚಿಸಿದರು. "ದೀಪ" ಅಂದರು. ಅಷ್ಟೇ. ನಾನು ಸಹಸ್ರನಾಮ ಅನ್ನುತ್ತಾರೆ ಅಂದುಕೊಂಡಿದ್ದೆ.

ಈ ಪ್ರಶ್ನೆಯನ್ನು ನೀವೂ ಮನೆಯ ಹಿರಿಯರಿಗೆ ಕೇಳಿ. ಉತ್ತರವನ್ನು ನೀವೇ ಊಹಿಸಿಕೊಳ್ಳಬೇಡಿ. ನಮ್ಮಲ್ಲಿ ಬೆಳಗ್ಗೆ ಒಂದು, ಸಂಜೆ ಒಂದು ದೀಪ ಖಾಯಂ ಆಯಿತು. ಮಿಕ್ಕಿದ್ದೆಲ್ಲ ಆದರೆ ಸಂತೋಷ. ಫೋಟೊ ಒರೆಸುವುದು ಶುಕ್ರವಾರಕ್ಕೆ ಹೋಯಿತು. ಸಹಸ್ರನಾಮ ಅತ್ತೆ ಮಧ್ಯಾಹ್ನ ನಿದ್ದೆ ಆದ ಮೇಲೆ ಕುರ್ಚಿಯಲ್ಲೇ ಕೂತು ಹೇಳಿಕೊಳ್ಳುತ್ತಾರೆ.

ಅದೇ ದಿನ ದೇವರ ಮನೆಯನ್ನೂ ಸ್ವಲ್ಪ ಖಾಲಿ ಮಾಡಿದೆವು. 23 ಫೋಟೊ ಇದ್ದವು. ಹೋದ ಕಡೆಯಿಂದೆಲ್ಲ ತಂದದ್ದು, ಮದುವೆ ಮನೆಯಲ್ಲಿ ಕೊಟ್ಟದ್ದು, ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ್ದು. ಏಳು ಉಳಿಸಿಕೊಂಡೆವು. ಬೇಡವಾದ ದೇವರ ಫೋಟೊಗಳನ್ನು ನಮ್ಮೂರಲ್ಲಿ ಅರಳಿಕಟ್ಟೆ ಮೇಲೆ ಇಟ್ಟು ಬರುವ ಅಭ್ಯಾಸ ಇದೆ. ದಯವಿಟ್ಟು ಬೇಡ. ಮಳೆಗೆ ನೆನೆದು, ಗಾಜು ಒಡೆದು, ನಾಯಿ ಕಾಲಿಗೆ ಚುಚ್ಚುತ್ತದೆ. ಕಟ್ಟು ಬಿಚ್ಚಿ. ಗಾಜು, ಮರ, ತಗಡು ಬೇರೆ ಮಾಡಿ ಒಣ ಕಸಕ್ಕೆ ಕೊಡಿ. ಚಿತ್ರವನ್ನು ಒಂದು ರಾತ್ರಿ ಬಕೆಟ್ಟಿನ ನೀರಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ. ಕಿವುಚಿ ಗಿಡದ ಬುಡಕ್ಕೆ ಹಾಕಿ. ಅತ್ತೆ ಕೈ ಮುಗಿದು ತಾವೇ ಹಾಕಿದರು. ಪ್ಲಾಸ್ಟಿಕ್ ಹಾಳೆ ಅಂಟಿಸಿದ ಚಿತ್ರವಾದರೆ ನೆನೆಯುವುದಿಲ್ಲ, ಅದೂ ಒಣ ಕಸಕ್ಕೇ.

ಯಾರಿಗೆ ಯಾವ ಕೆಲಸ

ಹಂಚುವಾಗ ನಾನು ಮಾಡಿದ ತಪ್ಪು, ನಾನೇ ಹಂಚಿದ್ದು. ಮಗಳಿಗೆ ಹಿತ್ತಾಳೆ ಬೆಳಗುವುದು ಅಂದೆ. ಎರಡು ವಾರ ಮುಖ ಊದಿಸಿಕೊಂಡು ಮಾಡಿದಳು, ಮೂರನೇ ವಾರ ಟೆಸ್ಟ್ ಇದೆ ಅಂದಳು. ಆಮೇಲೆ ಪಟ್ಟಿಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ, ಯಾರಿಗೆ ಏನು ಬೇಕೋ ಅದರ ಮುಂದೆ ಹೆಸರು ಬರೆಯಿರಿ ಅಂದೆ.

ಮಗ ಗಂಧ ಮತ್ತು ಗಂಟೆ ಹಿಡಿದುಕೊಂಡ. ಗಂಟೆಯಂತೂ ಗೊತ್ತಿದ್ದದ್ದೇ, ಯಾವ ಹುಡುಗ ಬಿಡುತ್ತಾನೆ? ಗಂಧ ಮಾತ್ರ ಅಚ್ಚರಿ. ಸಾಣೆಕಲ್ಲಿನ ಮೇಲೆ ಎರಡು ಹನಿ ನೀರು ಹಾಕಿ ಮಾವನ ಕೊರಡನ್ನು ತೇಯುತ್ತಾ ಕೂರುವುದು ಅವನಿಗೆ ಇಷ್ಟ. ಮೊದಮೊದಲು ಒಂದು ಬಟ್ಟಲು ನೀರು ಸುರಿದು ಗಂಧದ ಸಾರು ಮಾಡುತ್ತಿದ್ದ. ನೀರು ಕಡಿಮೆ, ಕೈ ನಿಧಾನ. ಅಷ್ಟು ಗೊತ್ತಾಗುವುದಕ್ಕೆ ಒಂದು ತಿಂಗಳು ಹಿಡಿಯಿತು. ಬಾಲ್ಕನಿಯ ಕುಂಡದಿಂದ ದಾಸವಾಳ, ನಂದಿಬಟ್ಟಲು ಕೊಯ್ಯುವುದೂ ಅವನದ್ದೇ.

ಅತ್ತೆಗೆ ಕೂತು ಮಾಡುವ ಕೆಲಸ. ಹತ್ತಿ ಹೊಸೆದು ಬತ್ತಿ ಮಾಡುವುದು, ಅಕ್ಷತೆ ಕಲಸಿಡುವುದು, ಸಂಜೆ ದೀಪ. ನೆಲದ ಮಟ್ಟದಲ್ಲಿದ್ದ ದೇವರ ಮಂಟಪವನ್ನು ಬಡಗಿ ಕರೆಸಿ ಎರಡೂವರೆ ಅಡಿ ಎತ್ತರಿಸಿದೆವು. ಈಗ ಕುರ್ಚಿ ಎಳೆದುಕೊಂಡರೆ ಕೈ ಎಟಕುತ್ತದೆ. ಮನೆಯಲ್ಲಿ ಮಂಡಿ ನೋವಿನವರು ಇದ್ದರೆ ಇದೊಂದು ಕೆಲಸ ಮೊದಲು ಮಾಡಿಸಿ. ಅತ್ತೆ ಪೂಜೆ ಬಿಟ್ಟದ್ದು ಭಕ್ತಿ ಕಡಿಮೆಯಾಗಿ ಅಲ್ಲ, ಕೆಳಗೆ ಕೂತರೆ ಏಳುವುದಕ್ಕೆ ಆಗದೆ. ಅದನ್ನು ಅವರು ಬಾಯಿಬಿಟ್ಟು ಹೇಳಿರಲೇ ಇಲ್ಲ.

ದಿನ ನೋಡುವ ಇಲಾಖೆಯೂ ಅವರದ್ದೇ. ಅಡುಗೆಮನೆ ಬಾಗಿಲ ಪಕ್ಕ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೂಗುಹಾಕಿದ್ದೇವೆ. ತಿಂಗಳ ಮೊದಲ ದಿನ ಸಂಕಷ್ಟಿ, ಏಕಾದಶಿ, ಹುಣ್ಣಿಮೆ ಎಲ್ಲಕ್ಕೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾರೆ. ಅವರು ರಾಹುಕಾಲದಲ್ಲಿ ದೀಪ ಹಚ್ಚಲು ಒಪ್ಪುವುದಿಲ್ಲ. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ, ಹಾಗಾಗಿ ಸೋಮವಾರ ಬೆಳಗ್ಗೆ ಮಾತ್ರ ನಮಗೆ ಸ್ವಲ್ಪ ಓಟ ಇರುತ್ತದೆ. ಶನಿವಾರ ಒಂಬತ್ತರಿಂದ ಹತ್ತೂವರೆ, ಅದಕ್ಕೆ ಮೊದಲೇ ಮುಗಿಸುತ್ತೇವೆ. ಮಿಕ್ಕ ದಿನ ರಾಹುಕಾಲ ನಮ್ಮ ದೀಪದ ಹೊತ್ತಿಗೆ ಬರುವುದಿಲ್ಲ, ತಂಟೆಯಿಲ್ಲ.

ಬೆಳಗಿನ ದೀಪ ನಮ್ಮ ಮನೆಯವರದ್ದು. ಇದಕ್ಕೆ ಅರ್ಧ ಪುಣ್ಯ ಮೆಟ್ರೊಗೆ ಸೇರಬೇಕು. ಮುಂಚೆ ಆರೂ ಮುಕ್ಕಾಲಿಗೆ ಕಂಪನಿ ಬಸ್ಸು ಹಿಡಿದು ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದರು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಹತ್ತಿ, ಆರ್.ವಿ. ರೋಡಿನಲ್ಲಿ ಬದಲಾಯಿಸಿ ಹೋಗುತ್ತಾರೆ. ಬೆಳಗ್ಗೆ ನಲವತ್ತು ನಿಮಿಷ ಮನೆಗೆ ಸಿಕ್ಕಿತು. ಅದರಲ್ಲಿ ಹತ್ತು ನಿಮಿಷ ದೇವರಿಗೆ ಕೊಡಿ ಅಂದೆ. ಮೊದಲ ದಿನ ಬತ್ತಿಯನ್ನು ನೆಟ್ಟಗೆ ನಿಲ್ಲಿಸಲು ನೋಡಿದರು, ಎಣ್ಣೆ ತುಳುಕಿಸಿದರು, ಆರು ಕಡ್ಡಿ ಖರ್ಚಾಯಿತು. "ಬತ್ತಿ ಮಲಗಿಸೋ, ತುದಿ ಮುಂದಕ್ಕೆ ಎಳಿ" ಅಂತ ಅತ್ತೆ ಕುರ್ಚಿಯಿಂದಲೇ ಹೇಳಿಕೊಟ್ಟರು. ನಲವತ್ತೊಂಬತ್ತು ವರ್ಷದ ಗಂಡಸಿಗೆ ಅವರಮ್ಮ ದೀಪ ಹಚ್ಚಲು ಕಲಿಸುವುದನ್ನು ನೋಡುತ್ತಾ ನಾನು ದೋಸೆ ಸೀಯಿಸಿದೆ.

ನನ್ನ ಪಾಲಿಗೆ ನೈವೇದ್ಯ ಮತ್ತು ಹೂವಿನ ಖರೀದಿ. ನೈವೇದ್ಯಕ್ಕೆ ಬೇರೆ ಕೆಲಸವೇ ಇಲ್ಲ. ಹೇಗೂ ಬೆಳಗ್ಗೆ ನಂದಿನಿ ಹಾಲು ಕಾಯುತ್ತದೆ. ಉಕ್ಕು ಬಂದ ತಕ್ಷಣ ಮೊದಲ ಎರಡು ಚಮಚ ಬೆಳ್ಳಿ ಬಟ್ಟಲಿಗೆ, ಒಂದು ಚೂರು ಬೆಲ್ಲ. ಆಮೇಲೆ ಕಾಫಿ. ಹೊಸದಾಗಿ ಒಂದು ಅಭ್ಯಾಸ ಕೂಡಿಸಬೇಕಾದರೆ ಹಳೆಯ ಕೆಲಸದ ಬಾಲಕ್ಕೆ ಕಟ್ಟಿ. ಕಾಫಿ ಯಾರೂ ಮರೆಯುವುದಿಲ್ಲ, ಅಲ್ವಾ?

ಆ ನಾಲ್ಕು ದಿನ

ಇದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆಯದಿದ್ದರೆ ಪಾಠ ಅರ್ಧವಾಗುತ್ತದೆ. ನಾನೊಬ್ಬಳೇ ಪೂಜೆ ಮಾಡುತ್ತಿದ್ದಾಗ ತಿಂಗಳಿಗೆ ನಾಲ್ಕು ದಿನ ದೀಪ ನಿಲ್ಲುತ್ತಿತ್ತು. ಐದನೇ ದಿನ ತಲೆಗೆ ಸ್ನಾನ ಮಾಡಿ ಮತ್ತೆ ಶುರು ಮಾಡಬೇಕು. ಆ ಐದನೇ ದಿನ ತಿಂಗಳ ಕೊನೆ ಆಗಿ ಬ್ಯಾಂಕಿನಲ್ಲಿ ಲೆಕ್ಕ ಮುಗಿಸುವ ದಿನವಾದರೆ ಆರನೇ ದಿನಕ್ಕೆ, ಏಳನೇ ದಿನಕ್ಕೆ ಹೋಗುತ್ತಿತ್ತು. ಎಷ್ಟೋ ಮನೆಗಳಲ್ಲಿ ದಿನದ ಪೂಜೆ ತುಂಡಾಗುವುದು ಹೀಗೇ.

ಆ ದಿನಗಳಲ್ಲಿ ದೇವರ ಮನೆ ಮುಟ್ಟಬಾರದು ಅನ್ನುವುದು ಅತ್ತೆಯ ನಿಯಮ. ನನಗೆ ನನ್ನದೇ ಅಭಿಪ್ರಾಯ ಇದೆ. ಅದರ ಬಗ್ಗೆ ವಾದ ಮಾಡಿ ಗೆಲ್ಲುವ ಆಸೆ ನನಗೆ ಇರಲಿಲ್ಲ. ದೀಪ ನಿಲ್ಲಬಾರದು, ಅಷ್ಟೇ. ಈಗ ಮಗ, ಅವರಪ್ಪ ಇಬ್ಬರಿಗೂ ಪೂರ್ತಿ ಬರುತ್ತದೆ. ಹಾಗಾಗಿ ನಾನು ಇರಲಿ ಬಿಡಲಿ ದೀಪ ಉರಿಯುತ್ತದೆ. ಇನ್ನೊಂದು ಸಣ್ಣ ಬದಲಾವಣೆಯೂ ಆಯಿತು. ಮೊದಲು ಆ ದಿನ ರಾತ್ರಿ ಪ್ರಾರ್ಥನೆಗೆ ಮಗಳು ರೂಮಿನಲ್ಲೇ ಉಳಿಯುತ್ತಿದ್ದಳು. ಒಂದು ದಿನ ಅತ್ತೆಯೇ ಕೂಗಿದರು: "ಬಾ, ಇಲ್ಲಿ ಕೂತ್ಕೊ. ಮುಟ್ಟಬೇಡ ಅಂದೆ, ಬರಬೇಡ ಅಂದ್ನಾ?" ನಿಮ್ಮ ಮನೆಯಲ್ಲಿ ಏನು ನಿಯಮವೋ ಅದನ್ನು ನೀವೇ ತೀರ್ಮಾನಿಸಿ. ದೀಪ ಹಚ್ಚಲು ಬರುವ ಕೈ ಮಾತ್ರ ಎರಡಕ್ಕಿಂತ ಜಾಸ್ತಿ ಇರಲಿ.

ರಾತ್ರಿ ಎಂಟೂ ನಲವತ್ತು

ಮುಸ್ಸಂಜೆ ದೀಪಕ್ಕೆ ಎಲ್ಲರೂ ಸೇರಬೇಕು ಅನ್ನುವುದು ನನ್ನ ಹಳೆಯ ಹಟ. ಬೆಂಗಳೂರಿನಲ್ಲಿ ಆರೂವರೆಗೆ ಯಾರು ಮನೆಯಲ್ಲಿರುತ್ತಾರೆ? ನಾನು ಇನ್ನೂ ಮಕ್ಕಳ ಕೂಟದ ಹತ್ತಿರ ಸಿಗ್ನಲ್ಲಿನಲ್ಲಿ ಇರುತ್ತೇನೆ. ಮಗಳು ಕೋಚಿಂಗಿನಲ್ಲಿ. ಕೊನೆಗೆ ದೀಪ ಹಚ್ಚುವುದು, ಎಲ್ಲರೂ ಸೇರುವುದು ಎರಡನ್ನೂ ಬೇರೆ ಬೇರೆ ಮಾಡಿದೆವು. ಸಂಜೆ ದೀಪ ಅತ್ತೆಯದ್ದು, ಅದಕ್ಕೆ ಯಾರೂ ಬೇಕಿಲ್ಲ. ಎಲ್ಲರೂ ಸೇರುವುದು ಊಟಕ್ಕೆ ತಟ್ಟೆ ಹಾಕುವ ಮೊದಲು, ಎಂಟೂ ನಲವತ್ತಕ್ಕೆ. ಮಗ ಗಂಟೆ ಹೊಡೆಯುತ್ತಾನೆ. ಹೊಟ್ಟೆ ಹಸಿದಿರುತ್ತದೆ, ಆದ್ದರಿಂದ ಎಲ್ಲರೂ ಬರುತ್ತಾರೆ. ಊಟ ಆದ ಮೇಲೆ ಇಟ್ಟು ನೋಡಿದ್ದೆವು, ಒಂದು ವಾರವೂ ನಡೆಯಲಿಲ್ಲ.

ಫೋನುಗಳು ಈರುಳ್ಳಿ ಬುಟ್ಟಿಗೆ ಹೋಗುತ್ತವೆ. ಅತ್ತೆ ದೀಪದ ಶ್ಲೋಕ ಹೇಳುತ್ತಾರೆ, ಮಿಕ್ಕವರು ಜೊತೆಗೂಡುತ್ತೇವೆ. ಆಮೇಲೆ ಆ ದಿನದ ಸರದಿಯವರು ಒಂದು ವಚನವನ್ನೋ ದಾಸರ ಪದವನ್ನೋ ಓದಿ, ತಮಗೆ ಏನು ಅರ್ಥವಾಯಿತು ಅಂತ ಎರಡು ಮಾತು ಹೇಳಬೇಕು. ಒಂದು ನಿಮಿಷ ಎಲ್ಲರೂ ಸುಮ್ನೆ ಕೂರುತ್ತೇವೆ. ಆರತಿ. ಒಟ್ಟು ಏಳು ನಿಮಿಷ. ಉದ್ದ ಮಾಡಿದ ದಿನವೆಲ್ಲ ಮರುದಿನ ಒಬ್ಬರು ತಪ್ಪಿಸಿಕೊಂಡಿದ್ದಾರೆ, ಇದನ್ನು ಗಮನಿಸಿದ್ದೇನೆ.

ಮಗಳು ಹತ್ತನೇ ತರಗತಿಯಲ್ಲಿದ್ದಾಗ "ನನಗೆ ನಂಬಿಕೆ ಇಲ್ಲ, ನಾನ್ಯಾಕೆ ಕೂರಬೇಕು?" ಅಂದಳು. ನನಗೆ ಎದೆ ಧಸಕ್ ಅಂದಿತು. ಅವರಪ್ಪ ದನಿ ಏರಿಸಿದರು. ಅತ್ತೆ ಮಾತ್ರ, "ನಂಬು ಅಂದವರ್ಯಾರು? ಏಳು ನಿಮಿಷ ನನ್ನ ಪಕ್ಕ ಕೂತ್ಕೊ" ಅಂದರು. ಅವಳು ಕೂತಳು. ಕೈ ಮುಗಿಯುವುದಿಲ್ಲ, ಆರತಿ ತೆಗೆದುಕೊಳ್ಳುವುದೂ ಅವಳ ಇಷ್ಟ. ಆದರೆ ಬುಧವಾರ ಓದುವ ಸರದಿ ಅವಳದ್ದು. ಪಟ್ಟಿಯಲ್ಲಿ ಅವಳೇ ಹೆಸರು ಬರೆದುಕೊಂಡಿದ್ದು ಅದೊಂದಕ್ಕೇ. ಒಂದು ಸಲ ವಚನ ಓದಿ, "ಅಜ್ಜಿ, ಇದರಲ್ಲಿ ಗುಡಿಗೇ ಬೈದಿದ್ದಾರಲ್ಲ!" ಅಂದಳು. ಅತ್ತೆ ನಕ್ಕುಬಿಟ್ಟರು. ಅವತ್ತು ಸಾರು ಆರಿಹೋಗುವವರೆಗೆ ಅಜ್ಜಿ ಮೊಮ್ಮಗಳ ವಾದ ನಡೆಯಿತು. ಹದಿಹರೆಯದ ಮಕ್ಕಳಿರುವ ಮನೆಯವರಿಗೆ ನಾನು ಹೇಳುವುದು ಇಷ್ಟೇ: ಕೂರುವುದನ್ನು ಕೇಳಿ, ಕೈ ಮುಗಿಯುವುದನ್ನು ಬಲವಂತ ಮಾಡಬೇಡಿ. ಪರೀಕ್ಷೆ ದಿನಗಳಲ್ಲಿ ಅವಳಿಗೆ ರಜ ಕೊಟ್ಟಿದ್ದೆವು. ಅವಳೇ ಎರಡು ದಿನ ಬಿಟ್ಟು ಬಂದು ಕೂತಳು, ಯಾಕೆ ಅಂತ ನಾನು ಕೇಳಲಿಲ್ಲ.

ಹೂ, ಎಣ್ಣೆ, ಹಿತ್ತಾಳೆ

ಹೂವಿಗೆ ಗುರುವಾರ ಸಂಜೆ ಗಾಂಧಿ ಬಜಾರಿಗೆ ಹೋಗುತ್ತೇನೆ. ಕಟ್ಟಿದ ಮಲ್ಲಿಗೆ ಒಂದು ಮಾರು, ಶುಕ್ರವಾರಕ್ಕೆ ಮಾತ್ರ. ವಾರಕ್ಕೆಲ್ಲ ಬಿಡಿ ಸೇವಂತಿಗೆ ಸಾಕು. ಸೇವಂತಿಗೆಯನ್ನು ತೊಳೆಯದೆ, ಡಬ್ಬಿಯ ತಳಕ್ಕೆ ಪೇಪರ್ ಹಾಸಿ, ಫ್ರಿಜ್ಜಿನಲ್ಲಿಟ್ಟರೆ ನಮ್ಮಲ್ಲಿ ಐದು ದಿನ ಬರುತ್ತದೆ. ನೀರು ತಾಗಿದರೆ ಎರಡೇ ದಿನಕ್ಕೆ ಕೊಳೆಯುತ್ತದೆ. ವರಮಹಾಲಕ್ಷ್ಮಿ ಹಿಂದಿನ ದಿನ ಹೂವಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ, ಹಾಗಾಗಿ ಸೇವಂತಿಗೆಯನ್ನು ಮೂರು ದಿನ ಮೊದಲೇ ತಂದಿಡಿ. ಮಲ್ಲಿಗೆಗೆ ಈ ಉಪಾಯ ನಡೆಯುವುದಿಲ್ಲ. ಬಾಡಿದ ಹೂ ಕುಂಡದ ಗೊಬ್ಬರಕ್ಕೆ, ಜಾಸ್ತಿಯಾದರೆ ಹಸಿ ಕಸಕ್ಕೆ. ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಕೆರೆಗೆ ಎಸೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ದೀಪಕ್ಕೆ ಎಳ್ಳೆಣ್ಣೆ. ನಮ್ಮ ಸಣ್ಣ ಹಿತ್ತಾಳೆ ದೀಪದಲ್ಲಿ ಒಂದು ಚಮಚ ಎಣ್ಣೆ ಮುಕ್ಕಾಲು ಗಂಟೆ ಉರಿಯುತ್ತದೆ. ಅಳೆದು ನೋಡಿದ್ದೇನೆ. ಬೆಳಗ್ಗೆ ಅಷ್ಟೇ ಹಾಕುವುದು, ಯಾಕೆಂದರೆ ಎಲ್ಲರೂ ಹೊರಡುವ ಹೊತ್ತಿಗೆ ತಾನಾಗಿ ಶಾಂತವಾಗಿರಬೇಕು. ನಿಮ್ಮ ಮನೆಯ ದೀಪ ಎಷ್ಟು ಹೊತ್ತು ಉರಿಯುತ್ತದೆ ಅಂತ ಒಂದು ಭಾನುವಾರ ಗಡಿಯಾರ ನೋಡಿ. ಬೇಗ ಹೊರಡಬೇಕಾದರೆ ಹೂವಿನಿಂದ ಶಾಂತ ಮಾಡಿ, ಬಾಯಲ್ಲಿ ಊದಬೇಡಿ. ಉರಿಯುವ ದೀಪ ಬಿಟ್ಟು ಬೀಗ ಹಾಕಬೇಡಿ. ದೀಪದ ಕೆಳಗೆ ಅಗಲವಾದ ತಟ್ಟೆ ಇರಲಿ, ಹತ್ತಿರ ಪರದೆ ಬೇಡ. ನಮ್ಮ ದೇವರ ಮನೆಯ ನೈಲಾನ್ ಪರದೆಯ ಅಂಚು ಒಮ್ಮೆ ಕರಕಲಾದ ಮೇಲೆ ಅದನ್ನು ತೆಗೆದೇ ಹಾಕಿದೆವು.

ಕರ್ಪೂರ ಬಿಟ್ಟಿಟ್ಟರೆ ಗಾಳಿಗೆ ಕರಗಿ ಮಾಯವಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಜೊತೆಗೆ ನಾಲ್ಕು ಮೆಣಸಿನ ಕಾಳು ಹಾಕುವುದು ಅತ್ತೆಯ ಪದ್ಧತಿ.

ಹಿತ್ತಾಳೆ ಯಾರೂ ತೆಗೆದುಕೊಳ್ಳಲಿಲ್ಲ. ಪಟ್ಟಿಯಲ್ಲಿ ಅದರ ಮುಂದೆ ಜಾಗ ಇವತ್ತಿಗೂ ಖಾಲಿ. ಹಾಗಾಗಿ ಸಾಮಾನನ್ನೇ ಕಡಿಮೆ ಮಾಡಿದೆವು. ದಿನಕ್ಕೆ ಎರಡು ದೀಪ, ಒಂದು ತಟ್ಟೆ, ಒಂದು ಗಂಟೆ. ದೊಡ್ಡ ಕಂಬದ ದೀಪಗಳು ಹಳೆಯ ಪಂಚೆ ಸುತ್ತಿಕೊಂಡು ಅಟ್ಟದ ಮೇಲೆ ಮಲಗಿವೆ. ಹಬ್ಬಕ್ಕೆ ಮಾತ್ರ ಇಳಿಯುತ್ತವೆ. ಇದ್ದದ್ದನ್ನು ಶುಕ್ರವಾರದ ಹಿಂದಿನ ರಾತ್ರಿ, ಪಾತ್ರೆ ತೊಳೆಯುವಾಗಲೇ, ಹುಣಸೆಹಣ್ಣು ಉಪ್ಪು ಹಚ್ಚಿ ಉಜ್ಜಿಬಿಡುತ್ತೇನೆ. ತೊಳೆದ ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ. ಬೋರ್‌ವೆಲ್ ನೀರು ಹಾಗೇ ಆರಿದರೆ ಕಲೆ ನಿಲ್ಲುತ್ತದೆ. ಬೆಳ್ಳಿ ಬಟ್ಟಲಿಗೆ ವಿಭೂತಿ ಸಾಕು. 2024ರ ಬೇಸಿಗೆಯಲ್ಲಿ ಊರಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಅಭಿಷೇಕವನ್ನು ಒಂದು ಉದ್ಧರಣೆ ಚಮಚ ನೀರಿಗೆ ಇಳಿಸಿದೆವು. ಆಮೇಲೆ ನೀರು ಬಂದರೂ ಹೆಚ್ಚಿಸಲಿಲ್ಲ.

ಹಬ್ಬ, ಆಸ್ಪತ್ರೆ, ಮತ್ತು ಹೊರಗಿನ ದೇವರು

ವರಮಹಾಲಕ್ಷ್ಮಿ ಬರುವುದು ಶುಕ್ರವಾರ, ನನಗೆ ಪ್ರತಿ ಸಲ ರಜ ಸಿಗುವುದಿಲ್ಲ. ಕಲಶಕ್ಕೆ ಸೀರೆ ಉಡಿಸುವುದನ್ನು ಗುರುವಾರ ರಾತ್ರಿಯೇ ಮುಗಿಸಿ, ಪೂಜೆಯನ್ನು ಸಂಜೆಗೆ ಇಟ್ಟುಕೊಳ್ಳುತ್ತೇವೆ. ಜಗಳ ಬಂದದ್ದು ಹೋಳಿಗೆಗೆ. ಅಂಗಡಿ ಹೋಳಿಗೆ ನೈವೇದ್ಯಕ್ಕೆ ಆಗುವುದಿಲ್ಲ ಅಂತ ಅತ್ತೆ ಪಟ್ಟು ಹಿಡಿದರು. ರಾತ್ರಿ ಹನ್ನೊಂದಕ್ಕೆ ಹೂರಣ ರುಬ್ಬುವುದಿಲ್ಲ ಅಂತ ನಾನೂ ಪಟ್ಟು ಹಿಡಿದೆ. ಈಗ ದೇವರಿಗೆ ಮನೆಯ ಪಾಯಸ, ಹೆಸರುಬೇಳೆ ಕೋಸಂಬರಿ. ನಮಗೆ ಅಂಗಡಿ ಹೋಳಿಗೆ. ಅತ್ತೆ ಎರಡು ತಿನ್ನುತ್ತಾರೆ. ಗಣಪತಿಗೆ ಬಣ್ಣವಿಲ್ಲದ ಮಣ್ಣಿನ ಮೂರ್ತಿ, ಬಕೆಟ್ಟಿನಲ್ಲೇ ವಿಸರ್ಜನೆ, ಕರಗಿದ ಮಣ್ಣು ದಾಸವಾಳದ ಕುಂಡಕ್ಕೆ.

ಅತ್ತೆಗೆ ಮಂಡಿ ಆಪರೇಷನ್ ಆದಾಗ ಒಂಬತ್ತು ದಿನ ನಾವು ಆಸ್ಪತ್ರೆ ಮನೆ ಅಂತ ಓಡಾಡಿದೆವು. ವಾರ್ಡಿನಲ್ಲಿ ದೀಪ ಹಚ್ಚುವ ಹಾಗಿಲ್ಲ. ಮಗ ಎಂಟೂ ನಲವತ್ತಕ್ಕೆ ವಿಡಿಯೊ ಕಾಲ್ ಮಾಡಿ ಗಂಟೆ ಹೊಡೆಯುತ್ತಿದ್ದ. ಪಕ್ಕದ ಹಾಸಿಗೆಯ ಅಜ್ಜಿಯೂ ಕೈ ಮುಗಿಯುತ್ತಿದ್ದರು. ಈರುಳ್ಳಿ ಬುಟ್ಟಿಯ ನಿಯಮ ಆ ಒಂಬತ್ತು ದಿನ ಮುರಿಯಿತು. ಊರಿಗೆ ಹೋದಾಗ, ಹುಷಾರು ತಪ್ಪಿದಾಗ ಪೂಜೆ ತಪ್ಪಿದರೆ ಮರುದಿನ ಎರಡರಷ್ಟು ಮಾಡಲು ಹೋಗಬೇಡಿ. ನಾನು ಹಾಗೆ ಮಾಡಿ ಮಾಡಿಯೇ ಸುಸ್ತಾಗಿದ್ದು.

ಮಕ್ಕಳನ್ನು ದೇವಸ್ಥಾನಕ್ಕೆ ಎಳೆದುಕೊಂಡು ಹೋಗುವ ಬದಲು ಅವರೇ ಹೊರಡುವ ದಿನಗಳನ್ನು ಹಿಡಿದುಕೊಳ್ಳಿ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಕರೆಯಬೇಕಾಗಿಯೇ ಇಲ್ಲ. ದೊಡ್ಡ ಬಸವಣ್ಣನಿಗೆ ಕೈ ಮುಗಿದು, ಸೇರು ಲೆಕ್ಕದಲ್ಲಿ ಕಾಯಿ ಕೊಂಡು, ದಾರಿಯುದ್ದಕ್ಕೂ ಸುಲಿದು ತಿನ್ನುತ್ತಾ ನಡೆದೇ ಬರುತ್ತೇವೆ. ಮಾವ ಹೋದ ತಿಂಗಳೂ ಅದೇ, ಹಾಗಾಗಿ ಅವರ ಮಾತೂ ಬರುತ್ತದೆ. ಧನುರ್ಮಾಸದಲ್ಲಿ ಚಳಿಗೆ ಮುದುಡಿಕೊಂಡಾದರೂ ಒಂದು ದಿನ ಬೆಳಗ್ಗೆ ಐದಕ್ಕೆ ಏಳುತ್ತಾರೆ, ದೊನ್ನೆಯ ಬಿಸಿ ಹುಗ್ಗಿಗಾಗಿ. ಸಂಕ್ರಾಂತಿ ಸಂಜೆ ಗವಿ ಗಂಗಾಧರೇಶ್ವರನಲ್ಲಿ ಸೂರ್ಯನ ಬೆಳಕು ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುತ್ತದೆ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಆದರೆ ಆ ನೂಕುನುಗ್ಗಲಿನಲ್ಲಿ ಅತ್ತೆಯನ್ನು ಕರೆದೊಯ್ಯಲು ಆಗುವುದಿಲ್ಲ. ಟಿವಿಯಲ್ಲಿ ನೋಡಿ, ಎಳ್ಳು ಬೀರಿ ಮುಗಿಸಿ, ಮುಂದಿನ ಸೋಮವಾರ ಖಾಲಿ ಗುಡಿಗೆ ಹೋಗುತ್ತೇವೆ.

ಶುರು ಮಾಡುವವರು ಒಳ್ಳೆ ದಿನಕ್ಕೆ ಕಾಯುತ್ತಾ ಕೂರಬೇಡಿ. ನಾವು ಶುರು ಮಾಡಿದ್ದು ಒಂದು ಮಂಗಳವಾರ, ಕರೆಂಟ್ ಹೋಗಿ ಎಲ್ಲರೂ ಹಾಲಿನಲ್ಲಿ ಸೇರಿದ್ದಾಗ. ಮೊದಲ ವಾರ ದೀಪ ಒಂದೇ ಸಾಕು. ಪಟ್ಟಿಯನ್ನು ಎರಡನೇ ವಾರ ಅಂಟಿಸಿ. ಹೆಸರು ಬರೆಯುವ ಪೆನ್ನನ್ನು ಮಕ್ಕಳ ಕೈಗೆ ಮೊದಲು ಕೊಡಿ.

ಮಾವನ ಗಂಧದ ಕೊರಡು ಸವೆದು ಸವೆದು ಈಗ ಹೆಬ್ಬೆರಳಿನಷ್ಟಾಗಿದೆ. ತೇಯುವಾಗ ಉಗುರು ಕಲ್ಲಿಗೆ ತಾಗುತ್ತದೆ ಅಂತ ಮಗ ದೂರುತ್ತಾನೆ. ಹೊಸದು ತರೋಣ ಅಂದರೆ "ಇದು ಪೂರ್ತಿ ಮುಗಿಯಲಿ" ಅನ್ನುತ್ತಾನೆ. ಬೀದಿಯಲ್ಲಿ ಮಾರುವ ಕೊರಡು ಎಷ್ಟೋ ಸಲ ಬೇರೆ ಮರಕ್ಕೆ ಗಂಧದೆಣ್ಣೆ ಸವರಿದ್ದಾಗಿರುತ್ತದೆ. ಮುಂದಿನ ತಿಂಗಳು ಸಂಬಳ ಆದ ಮೇಲೆ ಸರ್ಕಾರಿ ಕರಕುಶಲ ಮಳಿಗೆ ಕಾವೇರಿ ಎಂಪೋರಿಯಂಗೆ ಅವನನ್ನೇ ಕರೆದುಕೊಂಡು ಹೋಗಿ, ಮೂಸಿ ನೋಡಿಸಿ ತರಬೇಕು.